ಊರ ಹೊಲದಲ್ಲಿ ಸಣ್ಣ ಗಾಲ್ಫ್: ಬಾಯಲ್ಲಿ ಬೇಡ ಅಂದರೂ ಮನಸ್ಸಿಗೆ ಹಿಡಿಸುವುದು ಯಾವುದು?

ಕೇಳಿದವರು, ಶಹಾಬಾದ್ ಹತ್ತಿರದಿಂದ

ನಮ್ಮದು 4 ಎಕರೆ ಮಡ್ಡಿ ಜಮೀನು. ಒಂದು ಮೂಲೆಯಲ್ಲಿ ಹಿಂದೆ ಪರಸಿ ಕಲ್ಲು ತೆಗೆದು ಬಿಟ್ಟ ಗುಂಡಿ ಇದೆ. ಪಕ್ಕದಲ್ಲೇ ಅದರಿಂದ ತೆಗೆದ ಮಣ್ಣು, ಚೂರುಕಲ್ಲಿನ ದೊಡ್ಡ ದಿಬ್ಬ. ಬೆಳೆ ಅಷ್ಟಕ್ಕಷ್ಟೇ. ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾಗ ಗಾಲ್ಫ್ ಕಲಿತೆ, ಈಗ ಊರಿಗೆ ಬಂದಿದ್ದೇನೆ. ಮನೆಯವರು, ಗೆಳೆಯರು ಆಡಲು ಐದಾರು ಸಣ್ಣ ಹೋಲ್ ಮಾಡುವ ಆಸೆ. (ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಿಸುವ ಕುಳಿಯವರೆಗಿನ ಹಾದಿಗೆ ಒಂದು ಹೋಲ್ ಎನ್ನುತ್ತಾರೆ.)

ಜೊತೆಗೆ ಆಡುತ್ತಿದ್ದವರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು. ಸಹಜವಾಗಿರಲಿ. ನೀರು ದಾಟಿಸುವುದು ಬೇಡ, ಕಾಣದ ಗ್ರೀನ್ (ಕುಳಿಯ ಸುತ್ತಲಿನ ನಯವಾದ ಅಂಗಳ) ಬೇಡ, ಗೋಡೆ ಬೇಡ, ಆಟ ಸರ್ಕಸ್ ಆಗಬಾರದು. ಆದರೆ ಆಟ ಮುಗಿಸಿ ಚಹಾ ಕುಡಿಯುವಾಗ ಅವರು ಮಾತಾಡುವುದು ನೀರು ದಾಟಿಸಿದ ಹೊಡೆತದ ಬಗ್ಗೆಯೇ. ಅದಕ್ಕೇ ಕೇಳುತ್ತಿದ್ದೇನೆ. ನಿಮಗೆ ಒಳಗೊಳಗೇ ಖುಷಿ ಕೊಡುವುದು ಯಾವುದು? ಅದರಲ್ಲಿ ನಮ್ಮ ಬಿಸಿಲಿಗೆ, ನಮ್ಮ ಮಣ್ಣಿಗೆ ಹೊಂದುವುದು ಯಾವುದು?

ಕಲಬುರಗಿಯಿಂದ

ನನ್ನ ಉತ್ತರ: ಗುರಿ ಕಾಣದ ಹೊಡೆತ. ಮುಂದೆ ದಿಬ್ಬ, ಆಚೆ ಗ್ರೀನ್. ಚೆಂಡು ಮೇಲೆದ್ದು ದಿಬ್ಬದ ಆಚೆ ಇಳಿಯುತ್ತದೆ. ಎಲ್ಲಿ ಬಿತ್ತೋ ಗೊತ್ತಿಲ್ಲ. ದಿಬ್ಬ ಹತ್ತಿ ಮುಗಿಯುವವರೆಗೆ ಎದೆ ಡವಡವ ಅನ್ನುತ್ತದೆ. ಮೇಲೆ ಹೋಗಿ ನೋಡಿದರೆ ಚೆಂಡು ಕುಳಿಯ ಗುರುತಿನ ಬಾವುಟದ ಪಕ್ಕದಲ್ಲೇ ಇರಬಹುದು, ಜಾಲಿಕಂಟಿಯೊಳಗೂ ಇರಬಹುದು. ಆ ಕೊನೆಯ ನಾಲ್ಕು ಹೆಜ್ಜೆಯಲ್ಲಿ ಸಿಗುವ ಖುಷಿ ನನಗೆ ಬೇರೆ ಯಾವ ಹೋಲ್‌ನಲ್ಲೂ ಸಿಕ್ಕಿಲ್ಲ.

ಶುದ್ಧ ಗಾಲ್ಫ್ ಬೇಕು ಎನ್ನುವವರಿಗೆ ಇದು ಹಿಡಿಸುವುದಿಲ್ಲ. ಕಾಣದ ಕಡೆ ಹೊಡೆದರೆ ಅದು ಅದೃಷ್ಟ, ಕೌಶಲ ಅಲ್ಲ ಎನ್ನುತ್ತಾರೆ. ಅವರ ಮಾತಿಗೂ ಆಧಾರವಿದೆ. ಹೆಸರಾಂತ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ಅಮೆರಿಕದ ಆಗಸ್ಟಾ ನ್ಯಾಷನಲ್ ಮೈದಾನ ರೂಪಿಸಿದ ಆಲಿಸ್ಟರ್ ಮೆಕೆಂಜಿ, 1920ರಲ್ಲಿ ಒಳ್ಳೆಯ ಮೈದಾನಕ್ಕೆ 13 ಸೂತ್ರ ಬರೆದರು. ಗ್ರೀನ್ ಕಡೆಗಿನ ಹೊಡೆತದಲ್ಲಿ ಗುರಿ ಮರೆಯಾಗುವುದು ಆದಷ್ಟು ಕಡಿಮೆ ಇರಲಿ ಎಂಬುದು ಅದರಲ್ಲೊಂದು.

ಆದರೆ ಹಳೆಯ ಮೈದಾನಗಳನ್ನು ನೋಡಿ. 1860ರಲ್ಲಿ ಮೊದಲ ಓಪನ್ ಟೂರ್ನಿ ನಡೆದದ್ದು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ. ಅಲ್ಲಿನ 17ನೇ ಹೋಲ್ ಹೆಸರು ಆಲ್ಪ್ಸ್. ಎರಡನೇ ಹೊಡೆತ ದಿಬ್ಬದ ಮೇಲಿಂದ ಹೋಗಬೇಕು. ದಿಬ್ಬ ಇಳಿದರೆ ಸಹಾರಾ ಎಂಬ ದೊಡ್ಡ ಬಂಕರ್ (ಮರಳಿನ ಗುಂಡಿ), ಅದರಾಚೆ ಗ್ರೀನ್. 5ನೆಯದರ ಹೆಸರು ಹಿಮಾಲಯಾಸ್. ಅದು ಪಾರ್ 3, ಅಂದರೆ ಒಂದೇ ಹೊಡೆತದಲ್ಲಿ ಗ್ರೀನ್ ಮುಟ್ಟಬೇಕು. ಅದೂ ಕಾಣದ ಗ್ರೀನ್. ಐರ್ಲೆಂಡಿನ ಲಾಹಿಂಚ್‌ನಲ್ಲಿ ಡೆಲ್ ಎಂಬ ಪಾರ್ 3 ಇದೆ. ಗ್ರೀನ್ ಎರಡು ದಿಬ್ಬಗಳ ನಡುವೆ ಅಡಗಿದೆ. ಮುಂದಿನ ದಿಬ್ಬದ ಮೇಲೆ ಒಂದು ಬಿಳಿ ಕಲ್ಲು ಇಡುತ್ತಾರೆ. ಆ ದಿನ ಬಾವುಟ ಎಲ್ಲಿದೆಯೋ ಆ ನೇರಕ್ಕೆ ಕಲ್ಲನ್ನು ಸರಿಸುತ್ತಾರೆ. ಹಳೆಯದಾದರೆ ಪರಂಪರೆ, ಹೊಸದಾಗಿ ಮಾಡಿದರೆ ಗಿಮಿಕ್ ಎನ್ನುವ ಲೆಕ್ಕ ನನಗೆ ಒಪ್ಪಿಗೆ ಇಲ್ಲ.

ನಿಮ್ಮ ಚೂರುಕಲ್ಲಿನ ದಿಬ್ಬ ಇದಕ್ಕೆ ಹೇಳಿ ಮಾಡಿಸಿದ್ದು. ಮೇಲೆ ಒಂದು ಪರಸಿ ತುಂಡಿಗೆ ಸುಣ್ಣ ಬಳಿದು ನಿಲ್ಲಿಸಿ. ಗ್ರೀನ್ ಪಕ್ಕದಲ್ಲಿ ರೈಲು ಕಂಬಿಯ ತುಂಡು ತೂಗುಹಾಕಿ, ನಮ್ಮ ಶಾಲೆಗಳಲ್ಲಿ ಗಂಟೆ ಹೊಡೆಯಲು ಇರುತ್ತದಲ್ಲ, ಅದೇ. ಮುಂದಿನವರು ಆಡಿ ಮುಗಿಸಿ ಅದನ್ನು ಬಾರಿಸುವವರೆಗೆ ಹಿಂದಿನವರು ಹೊಡೆಯಲೇಬಾರದು. ಪ್ರೆಸ್ಟ್‌ವಿಕ್‌ನಲ್ಲೂ ಗಂಟೆಯೇ ಇದೆ. ಇದೊಂದನ್ನು ಮಾತ್ರ ಸಡಿಲ ಬಿಡಬೇಡಿ. ಗಾಲ್ಫ್ ಚೆಂಡು ತಲೆಗೆ ಬಿದ್ದರೆ ಪ್ರಾಣಕ್ಕೇ ಅಪಾಯ.

ಆ ಗ್ರೀನ್ ಅನ್ನು ರೊಟ್ಟಿ ಹಿಟ್ಟು ನಾದುವ ಪರಾತದ ಹಾಗೆ ಮಾಡಿ. ಅಂಚು ಎತ್ತರ, ನಡು ತಗ್ಗು. ಇದಕ್ಕೆ ಪಂಚ್‌ಬೌಲ್ ಎನ್ನುತ್ತಾರೆ. ಅಮೆರಿಕದ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ 16ನೇ ಹೋಲ್ ಇಂಥದ್ದೇ. ಅಂಚಿಗೆ ಬಿದ್ದ ಚೆಂಡು ತಾನಾಗಿ ಉರುಳಿ ನಡುವಿಗೆ ಬರುತ್ತದೆ. ತಪ್ಪು ಹೊಡೆತಕ್ಕೂ ಬಹುಮಾನ ಯಾಕೆ ಅಂತ ಆಕ್ಷೇಪ ಬರುತ್ತದೆ. ಗುರಿ ಕಾಣದ ಹೋಲ್‌ನಲ್ಲಿ ಆ ಔದಾರ್ಯ ಇರಬೇಕು ಎಂಬುದು ನನ್ನ ನಂಬಿಕೆ. ಮೊದಲ ಸಲ ಬಂದ ಅತಿಥಿಯ ಚೆಂಡೂ ಕುಳಿಯ ಹತ್ತಿರ ಬಂದು ನಿಂತಿತು ಅಂದರೆ ಅವರು ಮತ್ತೆ ಬರುತ್ತಾರೆ. ಆದರೆ ಚೆಂಡು ಬಂದ ದಾರಿಯಲ್ಲೇ ಮಳೆ ನೀರೂ ಬರುತ್ತದೆ. ತಗ್ಗಿನಿಂದ ಹೊರಗೆ ಚೂರುಕಲ್ಲು ತುಂಬಿದ ಒಂದು ಕಾಲುವೆ ಮೊದಲೇ ತೆಗೆಯಿರಿ.

ಇನ್ನೊಂದು ಮಾತು. ಅದೇ ದಿಬ್ಬದ ತಲೆಯ ಮೇಲೆ, ಇನ್ನೊಂದು ದಿಕ್ಕಿಗೆ ಮುಖ ಮಾಡಿ ಒಂದು ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಇಡಿ. ಎತ್ತರದಿಂದ ಕೆಳಗೆ ಹೊಡೆಯುವಾಗ ಚೆಂಡು ಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತದೆ. ಅದನ್ನು ನೋಡುತ್ತಾ ನಿಲ್ಲುವುದು ಯಾರಿಗೆ ಬೇಡ?

ಬೀದರಿನಿಂದ

ಗುಂಡಿಯ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನೀರು ದಾಟಿಸುವ ಹೊಡೆತ ನನಗೆ ತುಂಬಾ ಇಷ್ಟ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಫ್ಲೋರಿಡಾದ ಟಿಪಿಸಿ ಸಾಗ್ರಾಸ್ ಮೈದಾನ 1980ರಲ್ಲಿ ತೆರೆಯಿತು. ಅದರ 17ನೇ ಹೋಲ್‌ನ ಗ್ರೀನ್ ಹೆಚ್ಚುಕಡಿಮೆ ಪೂರ್ತಿ ನೀರಿನ ನಡುವೆ ಇದೆ. ದೂರ 137 ಗಜ ಅಷ್ಟೇ. ದ್ವೀಪ ಮಾಡಬೇಕು ಅಂತ ಮೊದಲು ಯಾರೂ ಅಂದುಕೊಂಡಿರಲಿಲ್ಲ. ಆ ಜಾಗದಲ್ಲಿ ಒಳ್ಳೆಯ ಮರಳು ಸಿಕ್ಕಿತು. ಉಳಿದ ಮೈದಾನಕ್ಕೆ ಬೇಕೆಂದು ಅಗೆಯುತ್ತಾ ಹೋದರು. ಕೊನೆಗೆ ಗ್ರೀನ್ ಜಾಗದ ಸುತ್ತ ದೊಡ್ಡ ಗುಂಡಿ ಉಳಿಯಿತು. ವಿನ್ಯಾಸಕಾರ ಪೀಟ್ ಡೈ ಅವರ ಹೆಂಡತಿ ಆಲಿಸ್ ಡೈ, ಇದನ್ನು ದ್ವೀಪವನ್ನಾಗಿ ಮಾಡೋಣ ಎಂದರು. ನಿಮ್ಮ ಹತ್ತಿರ ಇರುವುದೂ ಅಗೆದು ಬಿಟ್ಟ ಗುಂಡಿಯೇ ಅಲ್ವಾ?

ಆದರೂ ದ್ವೀಪ ಮಾಡಬೇಡಿ. ಬಲ್ಲವರು ತೆಗೆಯುವ ಆಕ್ಷೇಪದಲ್ಲಿ ಒಂದು ಮಾತು ನಿಜ. ದ್ವೀಪದ ಗ್ರೀನ್‌ಗೆ ಸುತ್ತಿ ಹೋಗುವ ದಾರಿ ಇರುವುದಿಲ್ಲ. ಚೆನ್ನಾಗಿ ಆಡುವವನಿಗೆ ಅದು ಸವಾಲು, ಹೊಸಬನಿಗೆ ಸುಮ್ನೆ ಚೆಂಡು ಕಳೆದುಕೊಳ್ಳುವುದು. ನೀವು ಗ್ರೀನ್ ಅನ್ನು ಗುಂಡಿಯ ಆಚೆ ದಡದಿಂದ ಸ್ವಲ್ಪ ಹಿಂದೆ ಇಡಿ. ಟೀ ಈಚೆಗೆ. ನೇರ ಹೊಡೆದರೆ 30, 40 ಮೀಟರ್ ನೀರಿನ ಮೇಲೆ. ಪಕ್ಕದಲ್ಲಿ ಒಣ ನೆಲ ಬಿಡಿ. ಧೈರ್ಯ ಇಲ್ಲದವರು ಎರಡು ಹೊಡೆತದಲ್ಲಿ ಸುತ್ತಿ ಬರಲಿ. ಅದೇ ಹೋಲ್ ಆಗಸ್ಟ್‌ನಲ್ಲಿ ಒಂದು ರೀತಿ, ಮೇ ತಿಂಗಳಲ್ಲಿ ನೀರು ತಳಕ್ಕೆ ಹೋದಾಗ ಇನ್ನೊಂದು ರೀತಿ ಆಗುತ್ತದೆ. ಎರಡನ್ನೂ ನೀವು ಇಷ್ಟಪಡುತ್ತೀರಿ.

ಪರಸಿ ಗುಂಡಿಯ ಗೋಡೆ ನೆಟ್ಟಗೆ ಇರುತ್ತದೆ, ಬಿದ್ದವರಿಗೆ ಹತ್ತಲು ಬರುವುದಿಲ್ಲ. ಸುತ್ತಲೂ ಸೊಂಟದೆತ್ತರದ ಬೇಲಿ ಬೇಕೇ ಬೇಕು. ನೀರಿಗೆ ಬಿದ್ದ ಚೆಂಡು ಹೋಯಿತು ಅಂತಲೇ ಲೆಕ್ಕ. ಮಕ್ಕಳನ್ನು ತರಲು ಕಳಿಸುವ ಮಾತೇ ಬೇಡ.

ಬಿಡುವಾದಾಗ ಬೀದರ್ ಕೋಟೆಗೆ ಬಂದು ಕಂದಕ ನೋಡಿ. ಕೋಟೆಯ ಒಂದು ಭಾಗದಲ್ಲಿ ಕಂದಕ ಮೂರು ಸಾಲು ಇದೆ. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು, ನಡುವೆ ಬಂಡೆಯ ಗೋಡೆಗಳನ್ನು ಹಾಗೆಯೇ ಉಳಿಸಿದ್ದಾರೆ. ನಿಮ್ಮ ಗುಂಡಿಯಲ್ಲೂ ಕಲ್ಲಿನ ಪದರ ಕಾಣುವ ಮುಖ ಇದ್ದರೆ ಮಣ್ಣು ಸುರಿದು ಮುಚ್ಚಬೇಡಿ. ಟೀ ಮೇಲೆ ನಿಂತವರಿಗೆ ಅದು ಕಾಣಲಿ. ಮನುಷ್ಯರು ಅಗೆದದ್ದು ಕಂಡರೆ ಮೈದಾನದ ಅಂದ ಕೆಡುತ್ತದೆ ಎಂಬುದನ್ನು ಬಹಮನಿ ಊರಿನಲ್ಲಿ ಹುಟ್ಟಿದ ನಾನು ಒಪ್ಪಲಾರೆ.

ಯಾದಗಿರಿಯಿಂದ

ನನಗೆ ಇಷ್ಟವಾದದ್ದನ್ನು ಹೇಳಿಬಿಡುತ್ತೇನೆ. ಅಮೆರಿಕದ ಐಡಾಹೊ ರಾಜ್ಯದ ಕೋರ್ ಡಲೇನ್ ಎಂಬಲ್ಲಿ ಸರೋವರದ ಮೇಲೆ ತೇಲುವ ಗ್ರೀನ್ ಇದೆ. 1991ರಿಂದ ಇದೆ. ನೀರೊಳಗಿನ ಕೇಬಲ್‌ನಿಂದ ಅದನ್ನು ಎಳೆದು ದೂರ ಬದಲಿಸುತ್ತಾರೆ. ಆಟಗಾರರು ದೋಣಿಯಲ್ಲಿ ಹೋಗಿ ಪಟ್ ಮಾಡುತ್ತಾರೆ, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುತ್ತಾರೆ. ವಿಡಿಯೋದಲ್ಲಿ ನೋಡಿದಾಗೆಲ್ಲ ಅಲ್ಲಿಗೆ ಹೋಗಬೇಕು ಅನ್ನಿಸುತ್ತದೆ.

ನಮ್ಮ ಕಡೆ ಆಗುವ ಮಾತಲ್ಲ ಬಿಡಿ. ಕೃತಕ ಜಲಪಾತ, ಕಾರಂಜಿ ಕೂಡ ಬೇಡ. ಏಪ್ರಿಲ್ ಬಿಸಿಲಿಗೆ ನೀರು ಆರಿ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪಕ್ಕದ ಹೊಲದವರು ತೊಗರಿಗೆ ಒಂದು ಮಳೆ ಕಾಯುತ್ತಿರುವಾಗ ನಾವು ನೀರು ಚಿಮ್ಮಿಸುವುದು ಸರಿಯಲ್ಲ.

ಕಲಬುರಗಿಯಿಂದ, ಇನ್ನೊಬ್ಬರು

ಎಲ್ಲರೂ ದೂರ ಹೊಡೆಯುವುದನ್ನೇ ಹೇಳುತ್ತಿದ್ದೀರಿ. ಮನೆಯವರು ಆಡಲು ಅಂತ ಕೇಳಿದ್ದಾರೆ, ಗಮನಿಸಿ. ಮನೆಯಲ್ಲಿ ಹೆಂಗಸರು, ಮಕ್ಕಳು, ವಯಸ್ಸಾದವರು ಇದ್ದಾರೆ. ಅವರಿಗೆ ಬೇಕಾದದ್ದು ಏರಿಳಿತದ ಪಟ್ಟಿಂಗ್ ಅಂಗಳ.

ಗಾಲ್ಫ್‌ನ ತವರು, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲೇ ಇಂಥದ್ದಿದೆ. ಅದನ್ನೂ ಜನ ಹಿಮಾಲಯಾಸ್ ಎಂದೇ ಕರೆಯುತ್ತಾರೆ. 1867ರಲ್ಲಿ ಶುರುವಾದ ಹೆಂಗಸರ ಪಟ್ಟಿಂಗ್ ಕ್ಲಬ್ ಅದು. ಆ ಕಾಲದಲ್ಲಿ ಹೆಣ್ಣುಮಗಳು ಆಡುವ ಕೋಲನ್ನು, ಅಂದರೆ ಕ್ಲಬ್ ಅನ್ನು, ಭುಜಕ್ಕಿಂತ ಮೇಲೆ ಎತ್ತಿ ಬೀಸುವುದು ಸಭ್ಯತೆ ಅಲ್ಲ ಎನ್ನುತ್ತಿದ್ದರು. ಅದಕ್ಕೆ ಅವರಿಗೆ ಪಟ್ಟಿಂಗ್ ಮಾತ್ರ ಬಿಟ್ಟರು. ಈಗ ಅದೇ ಅಂಗಳದಲ್ಲಿ ಊರವರು, ಪ್ರವಾಸಿಗರು, ಮಕ್ಕಳು ಎಲ್ಲರೂ ಆಡುತ್ತಾರೆ. ನೆಲ ಉಬ್ಬು ತಗ್ಗು. ಚೆಂಡು ಎಡಕ್ಕೆ ಹೋಗಿ, ಬಲಕ್ಕೆ ತಿರುಗಿ, ಕೆಲವು ಸಲ ನಮ್ಮ ಕಾಲ ಬುಡಕ್ಕೇ ವಾಪಸ್ ಬರುತ್ತದೆ. ಟೂರ್ನಿಯ ಗ್ರೀನ್ ಹೀಗಿದ್ದರೆ ಆಟಗಾರರು ದೂರು ಕೊಡುತ್ತಾರೆ. ಆದರೆ ಇಲ್ಲಿ ಹತ್ತು ವರ್ಷದ ಹುಡುಗಿ ಅಪ್ಪನನ್ನು ಸೋಲಿಸಬಹುದು. ನಾನು ಗಾಲ್ಫ್‌ಗೆ ಬಂದದ್ದೇ ಪಟ್ಟಿಂಗ್‌ನಿಂದ. ಸೀರೆ ಉಟ್ಟೂ ಆಡಬಹುದಾದ ಆಟ ಅದು. ನಿಮ್ಮ 4 ಎಕರೆಯಲ್ಲಿ ಕಾಲು ಎಕರೆ ಇದಕ್ಕೆ ಕೊಡಿ ಎಂದು ಕೈಮುಗಿದು ಕೇಳುತ್ತೇನೆ.

ಹುಲ್ಲಿನ ಮಾತು. ಬರ್ಮುಡಾ ಹುಲ್ಲು ಅಂದರೆ ನಮ್ಮ ಬದುಗಳ ಮೇಲಿನ ಕರಿಕೆಯ ಜಾತಿಯೇ. ಬಿಸಿಲು ತಾಳುತ್ತದೆ, ಒಣಗಿದರೂ ಮಳೆ ಬಿದ್ದಾಗ ಚಿಗುರುತ್ತದೆ. ಪಟ್ಟಿಂಗ್ ಅಂಗಳಕ್ಕೆ ಮಾತ್ರ ನೀರು ಹಾಕಿ. ಉಳಿದದ್ದು ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಲಿ. ಗಟ್ಟಿ ಒಣ ನೆಲದಲ್ಲಿ ಚೆಂಡು ಪುಟಿದು ಓಡುವುದೇ ಒಂದು ಸೊಗಸು. ಎರೆ ಭೂಮಿಯ ತುಂಡು ಏನಾದರೂ ಇದ್ದರೆ ಅಲ್ಲಿ ಗ್ರೀನ್ ಮಾಡಬೇಡಿ. ಬೇಸಿಗೆಯಲ್ಲಿ ಬಿರುಕು ಚೆಂಡನ್ನೇ ನುಂಗುತ್ತದೆ, ಮಳೆಯಲ್ಲಿ ಕಾಲು ಕಿತ್ತಿಡಲು ಬರುವುದಿಲ್ಲ.

ಉಳಿದ ಹೋಲ್‌ಗಳಿಗೆ ಮರಳಿನ ಗ್ರೀನ್ ಸಾಕು. ಇದನ್ನು ಬ್ರೌನ್ ಎನ್ನುತ್ತಾರೆ. ಕೀಳಾಗಿ ನೋಡುವವರಿದ್ದಾರೆ. ಆದರೆ ಅಮೆರಿಕದ ಹೆಸರಾಂತ ಪೈನ್‌ಹರ್ಸ್ಟ್ 2ನೇ ಮೈದಾನದಲ್ಲಿ 1935ರವರೆಗೆ ಇದ್ದದ್ದು ಮರಳಿನ ಗ್ರೀನ್‌ಗಳೇ. ಆಡುವ ಮುಂಚೆ ಚೆಂಡಿನಿಂದ ಹೋಲ್‌ವರೆಗೆ ಒಂದು ಅಗಲ ಪಟ್ಟಿ ಎಳೆದು ದಾರಿ ನಯ ಮಾಡಿಕೊಳ್ಳಬೇಕು. ಆ ಕೆಲಸಕ್ಕೆ ಮಕ್ಕಳು ನಾ ಮುಂದು ತಾ ಮುಂದು ಅಂತ ಬರುತ್ತಾರೆ. ಮರಳು ಹಾರದಿರಲು ಹಿಂದೆ ಎಣ್ಣೆ ಬೆರೆಸುತ್ತಿದ್ದರು. ನೀವು ಗಾಡಿಯ ಹಳೆ ಎಣ್ಣೆ ಸುರಿಯಬೇಡಿ, ಬಾವಿಗೆ ಇಳಿಯುತ್ತದೆ. ಹೊಳೆಯ ಮರಳೂ ಬೇಡ. ಕ್ರಷರ್‌ನ ಕಲ್ಲುಪುಡಿ ಹಾಕಿ, ನೀರು ಚಿಮುಕಿಸಿ, ರೋಲರ್ ಎಳೆದರೆ ಗಟ್ಟಿಯಾಗಿ ಕೂರುತ್ತದೆ.

ಕೇಳಿದವರು

ಪಟ್ಟಿಂಗ್ ಅಂಗಳದ ಮಾತು ಅಮ್ಮನಿಗೆ ಓದಿ ಹೇಳಿದೆ. ಜಾಗ ಆಗಲೇ ತೋರಿಸಿದ್ದಾರೆ, ಬೇವಿನ ಮರದ ಕೆಳಗೆ. ಇನ್ನೊಂದು ಪ್ರಶ್ನೆ. ಜಮೀನಿನ ನಡುವೆ ಅಜ್ಜ ಕಟ್ಟಿದ ಕಲ್ಲಿನ ಒಡ್ಡು ಇದೆ, ಮೊಣಕಾಲಿಗಿಂತ ಸ್ವಲ್ಪ ಎತ್ತರ. ಅದನ್ನು ತೆಗೆದರೆ ಮೈದಾನ ಬಿಡುವಾಗುತ್ತದೆ ಎನ್ನುತ್ತಾರೆ. ತೆಗೆಯಲಾ?

ಕಲಬುರಗಿಯಿಂದ, ಮೊದಲು ಬರೆದವರು

ತೆಗೆಯಬೇಡಿ! ಸ್ಕಾಟ್ಲೆಂಡಿನ ನಾರ್ತ್ ಬೆರಿಕ್‌ನ 13ನೇ ಹೋಲ್‌ನಲ್ಲಿ ಗ್ರೀನ್‌ಗೆ ತೀರಾ ಹತ್ತಿರ ಇಂಥದ್ದೇ ಹಳೆಯ ಕಲ್ಲುಗೋಡೆ ಇದೆ. ಚೆಂಡು ಅದನ್ನು ದಾಟಿ ಮೆತ್ತಗೆ ಇಳಿಯಬೇಕು. ಇವತ್ತು ಯಾರಾದರೂ ಹೊಸದಾಗಿ ಗ್ರೀನ್ ಮುಂದೆ ಗೋಡೆ ಕಟ್ಟಿದರೆ ಬೈಯುತ್ತಾರೆ. ಆದರೆ ಅಲ್ಲಿಗೆ ಹೋಗಿ ಬಂದವರು ಮೊದಲು ವಿವರಿಸುವುದು ಆ ಗೋಡೆಯನ್ನೇ. ಸೇಂಟ್ ಆಂಡ್ರೂಸ್‌ನ 17ನೇ ಹೋಲ್‌ನಲ್ಲೂ ಗ್ರೀನ್ ಹಿಂದೆ ರಸ್ತೆ, ರಸ್ತೆಯಾಚೆ ಗೋಡೆ. ಎರಡೂ ಆಟದ ಭಾಗವೇ.

ನಿಮ್ಮ ಒಡ್ಡು ಗ್ರೀನ್‌ಗಿಂತ ಏಳೆಂಟು ಮೀಟರ್ ಮುಂದೆ ಬರುವಂತೆ ಗ್ರೀನ್ ಇಡಿ. ಕಲ್ಲಿಗೆ ಬಡಿದ ಚೆಂಡು ಜೋರಾಗಿ ಪುಟಿದು ಮುಖಕ್ಕೆ ಬರಬಹುದು. ಅದಕ್ಕೆ ಒಂದು ಸ್ಥಳೀಯ ನಿಯಮ ಮಾಡಿ: ಒಡ್ಡಿನಿಂದ ಎರಡು ಕ್ಲಬ್ ಉದ್ದದೊಳಗೆ ಚೆಂಡು ನಿಂತರೆ ದಂಡ ಇಲ್ಲದೆ ಎತ್ತಿ ಹಿಂದಕ್ಕೆ ಇಡಬಹುದು.

ಇನ್ನು ಜಾಗ. 4 ಎಕರೆಯಲ್ಲಿ ಆರು ಗ್ರೀನ್ ಇಕ್ಕಟ್ಟಾಗುತ್ತದೆ. ಸೇಂಟ್ ಆಂಡ್ರೂಸ್‌ನ ಹಳೆ ಮೈದಾನದಲ್ಲಿ ಏಳು ಗ್ರೀನ್‌ಗಳನ್ನು ಎರಡೆರಡು ಹೋಲ್ ಹಂಚಿಕೊಂಡಿವೆ. 2 ಮತ್ತು 16, 3 ಮತ್ತು 15, ಹೀಗೆ ಪ್ರತಿ ಜೋಡಿ ಕೂಡಿಸಿದರೆ 18 ಬರುತ್ತದೆ. ನೀವು ಮೂರು ಅಗಲ ಗ್ರೀನ್ ಮಾಡಿ, ಒಂದೊಂದಕ್ಕೂ ಎರಡು ದಿಕ್ಕಿನಿಂದ ಟೀ ಕೊಡಿ. ದಿಬ್ಬದಾಚೆಯ ಪರಾತ ಒಂದು, ಗುಂಡಿಯಾಚೆಯದು ಒಂದು, ಒಡ್ಡಿನ ಹಿಂದಿನದು ಒಂದು. 40ರಿಂದ 80 ಮೀಟರ್ ಸಾಕು, ವೆಜ್ (ಚೆಂಡನ್ನು ಮೇಲಕ್ಕೆ ಎತ್ತಿ ಹೊಡೆಯುವ ಕ್ಲಬ್) ಮತ್ತು ಪಟರ್ (ಉರುಳಿಸುವ ಕ್ಲಬ್) ಬಿಟ್ಟು ಬೇರೆ ಕ್ಲಬ್ ಮನೆಯಲ್ಲೇ ಇರಲಿ. ಒಂದು ಸಲಕ್ಕೆ ಒಂದೇ ಗುಂಪು ಆಡಬೇಕು, ಎರಡು ದಿಕ್ಕಿನಿಂದ ಒಟ್ಟಿಗೆ ಹೊಡೆಯುವಂತಿಲ್ಲ.

ಗುಂಡಿಯ ಬೇಲಿ ಮೊದಲು, ಆಮೇಲೆ ಉಳಿದದ್ದು. ಕರಿಕೆಯನ್ನು ಮುಂಗಾರಿನ ಮೊದಲ ಮಳೆಗೆ ನೆಡಿ. ಒಡ್ಡಿನ ಮೇಲಿನ ಸಾಲಿನಲ್ಲಿ ಸಡಿಲ ಕಲ್ಲುಗಳಿದ್ದರೆ ಈಗಲೇ ಎತ್ತಿ ಬಿಗಿಯಾಗಿ ಕೂರಿಸಿಬಿಡಿ.