ಸಹಾಯ ಬೇಕು: ವಿಶ್ವೇಶ್ವರಯ್ಯ ಮ್ಯೂಸಿಯಂ ಮೇಲಿಂದ ನೋಡೋದಾ, ಕೆಳಗಿಂದಾನಾ?

ಈ ಭಾನುವಾರ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗ್ತಿದೀವಿ. ದೊಡ್ಡವಳಿಗೆ 9, ಚಿಕ್ಕವನಿಗೆ 4, ಜೊತೆಗೆ ಮಂಡಿನೋವಿರೋ ಅಜ್ಜಿ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡಲ್ಲ, ಹಾಗಾಗಿ ಮೆಟ್ರೋನೇ. 9.30ಕ್ಕೆ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರ್ತೀವಿ.

ಕೆಳಗಿನ ಎಂಜಿನ್ ಹಾಲ್‌ನಿಂದ ಶುರು ಮಾಡಿದ್ರೆ ಏನಾಗುತ್ತೆ ಅಂತ ಗೊತ್ತು. ದೊಡ್ಡವಳು ಒಂದೊಂದು ಗಿಯರ್ ಮುಂದೆಯೂ ಹತ್ತು ನಿಮಿಷ. ಚಿಕ್ಕವನು ಬಟನ್ ಒತ್ತಿ ಓಡಿಬಿಡ್ತಾನೆ, ಚಕ್ರ ತಿರುಗಿತಾ ಅಂತ ಹಿಂದಿರುಗಿ ನೋಡೋದೂ ಇಲ್ಲ! ಅವನಿಗೆ ನಿಜಕ್ಕೂ ಹಿಡಿಸೋದು ಮೇಲಿನ ಮಹಡಿಯ ಫನ್ ಸೈನ್ಸ್ ಗ್ಯಾಲರಿ, ಆಟವಾಡ್ತಾ ವಿಜ್ಞಾನ ನೋಡೋ ಜಾಗ. ಅಲ್ಲಿಗೆ ಹೋಗೋಷ್ಟರಲ್ಲಿ 12 ಗಂಟೆ, ಪ್ರತಿ ಆಟಕ್ಕೂ ಕ್ಯೂ, ಇವನಿಗೆ ನಿದ್ದೆ. ಬೇರೆ ಬೇರೆ ಗುಂಪಾಗೋಣ ಅಂದ್ರೆ ಅಜ್ಜಿ ಒಬ್ಬರೇ ಅವನ ಹಿಂದೆ ಓಡಕ್ಕಾಗಲ್ಲ. ಬುತ್ತಿ ಚಿತ್ರಾನ್ನ, ಮಧ್ಯಾಹ್ನ ಪಾರ್ಕಲ್ಲೇ ಊಟ, ಅದರಲ್ಲಿ ಗೊಂದಲ ಇಲ್ಲ.

ಕೇಳ್ತಿರೋದು ಇಷ್ಟೇ: ನೇರ ಫನ್ ಸೈನ್ಸ್‌ಗೆ ಹೋಗಿ, ಎಂಜಿನ್ ಹಾಲ್, ರೈಟ್ ಸಹೋದರರ 1903ರ ವಿಮಾನದ ಮಾದರಿ ಕೊನೆಗಿಟ್ಟುಕೊಂಡ್ರೆ ಸರಿಹೋಗುತ್ತಾ? ಭಾನುವಾರ ಲಿಫ್ಟ್ ಸುಲಭವಾಗಿ ಸಿಗುತ್ತಾ? ಚಿಕ್ಕ ಮಕ್ಕಳ ಜೊತೆ ಹೋಗಿಬಂದವರು ಹೇಳಿ.