ಮಗ್ಗಲ ಹೊಳ್ಳಿಸೋದು ಯಾರ ಕೆಲಸ?

ಸೇಡಂ ರೋಡ್: ನಮ್ಮ ಅವ್ವಗ ಲಕ್ವಾ ಹೊಡದು ಕಲಬುರಗಿದಾಗ ಒಂದ್ ದವಾಖಾನಿಗಿ ಹಾಕಿದ್ವಿ. ಇಂಜೆಕ್ಷನ್, ಬಿಪಿ ಎಲ್ಲಾ ಟೈಮಿಗಿ ಸರಿ. ಮಗ್ಗಲ ಹೊಳ್ಳಿಸ್ಲಾಕ ಮಾತ್ರ ಒಬ್ಬರೂ ಬರ್ಲಿಲ್ಲ. ಟೊಂಕದ ಕೆಳಗ ಮೊದಲ ಕೆಂಪಾತು, ಆಮ್ಯಾಲ ಚರ್ಮ ಸುಲದು ಹುಣ್ಣಾತು. ಕೇಳಿದ್ರ ‘ನೀವ್ ಇದ್ದೀರಲ್ಲ’ ಅಂದ್ರು. ಮತ್ತ ಸಿಸ್ಟರ್‌ಗಳಿಗಿ ಪಗಾರ ಯಾತಕ್ರಿ?

ನೈಟ್ ಡ್ಯೂಟಿ: ಅಣ್ಣಾರ, ನಿಮ್ಮ ಸಿಟ್ಟು ಖರೇ ಅದ. ನಾ ಬ್ಯಾರೆ ದವಾಖಾನಿಯಾಗ ಸ್ಟಾಫ್ ನರ್ಸ್. ರಾತ್ರಿ ಮೂವತ್ತರ ಮ್ಯಾಲ ಪೇಷಂಟ್, ನಾ ಒಬ್ಬಾಕಿ, ಒಬ್ಬ ಆಯಾ. ಹತ್ತು ಗಂಟಿ ಆಂಟಿಬಯೋಟಿಕ್ ತಪ್ಪಿದ್ರ ಮುಂಜಾನಿ ರೌಂಡ್ಸಿನಾಗ ಕೇಸ್ ಶೀಟ್ ಹಿಡದು ಕೇಳ್ತಾರ. ಹೊಳ್ಳಿಸಿಲ್ಲ ಅಂತ ಯಾರೂ ಕೇಳಲ್ಲ. ಹುಣ್ಣು ಕಾಣೂದ್ರಾಗ ಎಷ್ಟೋ ಶಿಫ್ಟ್ ಬದಲಾಗಿರ್ತಾವ, ಯಾರ ಕಾಲಕ್ಕ ಆತು ಅಂತ ಹೇಳ್ತೀರಿ?

ಬೀದರ್‌ನವ: ಇದೆಲ್ಲಾ ನೆಪ. ಹಗಲಿ ನಾಕ್ ಮಂದಿ ಇದ್ದಾಗೂ ಹೊಳ್ಳಿಸಲ್ಲ, ಮೊಬೈಲ್ ನೋಡ್ಕೋತ ಕೂಡ್ತಾರ.

ನರ್ಸಿಂಗ್ ಮಾಸ್ತರ: ಇಬ್ಬರ ಮಾತೂ ಅರ್ಧರ್ಧ ಖರೇ. 2006ರಾಗ ಅಮೆರಿಕದ ನರ್ಸಿಂಗ್ ಸಂಶೋಧಕಿ ಬಿಯಾಟ್ರಿಸ್ ಕ್ಯಾಲಿಶ್ ನರ್ಸ್‌ಗಳನ್ನ ಗುಂಪು ಗುಂಪಾಗಿ ಕೂಡಿಸಿ ಕೇಳಿದಾಗ, ಮ್ಯಾಲಿಂದ ಮ್ಯಾಲ ಬಿಟ್ಟುಹೋಗೋ 9 ಕೆಲಸ ಸಿಕ್ಕವು. ನಡಸೋದು, ಹೊಳ್ಳಿಸೋದು, ಉಣಸೋದು, ಧೈರ್ಯ ಹೇಳೋದು ಇಂಥವೇ. ಕಾರಣದಾಗ ಮಂದಿ ಸಾಲದ್ದೂ ಇತ್ತು, ‘ಅದು ನನ್ನ ಕೆಲಸ ಅಲ್ಲ’ ಅನ್ನೋದೂ ಇತ್ತು, ರೂಢಿನೂ ಇತ್ತು. ಒಮ್ಮಿ ಬಿಟ್ಟಾಗ ಏನೂ ಆಗ್ಲಿಲ್ಲಂದ್ರ ಎರಡನೇ ಸಲ ಬಿಡೋದು ಸಸಾರ. 2014ರಾಗ ಪ್ರಕಟ ಆದ ಇಂಗ್ಲೆಂಡಿನ ಸಮೀಕ್ಷೆಯೊಳಗ 86% ನರ್ಸ್‌ಗಳು ಹಿಂದಿನ ಶಿಫ್ಟಿನಾಗ ಒಂದರ ಕೆಲಸ ಬಿಟ್ಟೀವಿ ಅಂದಿದ್ರು.

ನಮ್ಮ ಕಡಿ ಇನ್ನೊಂದು ಅದ, ಮನಿ ಮಂದಿ. ಸೊಸಿ ಮೈ ಒರಸ್ತಾಳ, ಮಗ ಮೂತ್ರದ ಚೀಲ ಖಾಲಿ ಮಾಡಿ ಬರ್ತಾನ, ಎಷ್ಟು ಎಂಎಲ್ ಅಂತ ಚಾರ್ಟಿನಾಗ ಬರೆಯೋರಿಲ್ಲ. (ಡಿಸ್ಚಾರ್ಜ್ ಹೊತ್ತಿಗಿ ಬೇಕಾದ್ರ ಎಲ್ಲಾ ಕಾಲಂ ತುಂಬಿರ್ತಾವ, ಅದು ಬ್ಯಾರೆ ಮಾತು.) ಹೆಂಗೋ ನಡೀತದ. ಹಿಂಗಾಗಿ ಮ್ಯಾಲಿನವರಿಗಿ ಸ್ಟಾಫ್ ಸಾಲಲ್ಲಾಗ್ಯಾದ ಅಂತ ಕಾಣೋದೇ ಇಲ್ಲ.

ಸೇಡಂ ರೋಡ್: ಹಂಗಿದ್ರ ‘ಇವತ್ತು ಹೊಳ್ಳಿಸಿಲ್ಲ’ ಅಂತ ಶೀಟಿನಾಗೇ ಬರೀರಿ. ಕಾಣ್ಲಿ.

ನೈಟ್ ಡ್ಯೂಟಿ: ಬರದ್ರ ಮೆಮೋ ಬರೋದು ನಂಗ್ರಿ. ಗುತ್ತಿಗಿ ಮ್ಯಾಲ ಇದ್ದಾಕಿ ನಾ. ಅದಿರ್ಲಿ, ಅವ್ವಾರಿಗಿ ಡ್ರೆಸ್ಸಿಂಗ್ ನಡದದಿಲ್ಲೋ? ಎರಡು ತಾಸಿಗೊಮ್ಮಿ ಹೊಳ್ಳಿಸ್ರಿ. ಜಗ್ಗಬ್ಯಾಡ್ರಿ, ಚರ್ಮ ತಿಕ್ಕತದ. ಕೆಳಗಿನ ಚಾದರ ಹಿಡದು ಇಬ್ಬರು ಎತ್ರಿ. ಮೀನಗಂಡದ ಕೆಳಗ ದಿಂಬು ಕೊಟ್ಟು ಹಿಮ್ಮಡ ಹಾಸಿಗಿಗಿ ತಾಗದಂಗ ಇಡ್ರಿ.

ಬೀದರ್‌ನವ: ಇಷ್ಟು ಮಾತು ದಾಖಲಾದ ದಿನಾನೇ ಯಾರರ ಹೇಳಬೇಕಿತ್ತಲ್ರಿ ತಂಗೀ?

ನರ್ಸಿಂಗ್ ಮಾಸ್ತರ: ಹೇಳಿಕೊಡೋದೂ ಆ 9ರಾಗೇ ಅದ.