ಹಿಸ್ಟರಿ ಪಾಸಾದವಳೂ ಫೇಲಾದವಳೂ

"ಅರ್ಧ ತಲೆ ಬೋಳಿಸಿಕೊಂಡ ಗಂಡಸರನ್ನು 35 ಕಂತು ನೋಡುವುದು ನನ್ನ ಕೈಲಾಗುವುದಿಲ್ಲ" ಎಂದು ಪದ್ಮ ಕಡ್ಡಿ ಮುರಿದಳು.

ಸುಧಾಗೆ ಸಿಟ್ಟು ನೆತ್ತಿಗೇರಿತು. ಚೀನಾದ ಸೀರಿಯಲ್ 'ಬು ಬು ಜಿಂಗ್ ಶಿನ್' ಅವಳ ಪಾಲಿಗೆ ಮನೆದೇವರು. "ಚಿಂಗ್ ರಾಜವಂಶದ ಕಾಲದಲ್ಲಿ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡದಿದ್ದರೆ ತಲೆಯೇ ಹೋಗುತ್ತಿತ್ತು, ಗೊತ್ತಾ? ಎರಡು ಕಂತು ತಡೆದುಕೋ, ಆಮೇಲೆ ಆ ಬೋಳೇ ಚಂದ ಕಾಣಿಸುತ್ತದೆ."

"ನಮ್ಮ ಕೊರಿಯಾದ 'ಮೂನ್ ಲವರ್ಸ್' ನೋಡು. ಅದರ ಹೀರೋ ಲೀ ಜೂನ್ ಗಿಗೆ ಎಂಥ ಕೂದಲು! ಅರ್ಧ ಮುಖಕ್ಕೆ ಮುಖವಾಡ ಬೇರೆ."

"ಅಲ್ಲಿ ಅರ್ಧ ತಲೆ ಇಲ್ಲ, ಇಲ್ಲಿ ಅರ್ಧ ಮುಖ ಇಲ್ಲ. ಲೆಕ್ಕ ಚುಕ್ತಾ" ಎಂದ ರಮೇಶ. ಅವನು ಎರಡನ್ನೂ ನೋಡಿಲ್ಲ. ಹಾಗಾಗಿ ಎಲ್ಲರಿಗಿಂತ ಜಾಸ್ತಿ ಮಾತು ಅವನದೇ.

ಅವನಿಗಾಗಿ ಕತೆ ಹೇಳಬೇಕಾಯಿತು. ಚೀನಾದ ಸೀರಿಯಲ್ 2011ರದು. ಶೆನ್‌ಜೆನ್‌ನ ಹುಡುಗಿಯೊಬ್ಬಳು ಅಪಘಾತವಾಗಿ ಬೀಳುತ್ತಾಳೆ, ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ ರುವೊಶಿಯಾಗಿ ಕಣ್ಣು ಬಿಡುತ್ತಾಳೆ. ಅವನ ಮಕ್ಕಳಲ್ಲಿ ಒಂಬತ್ತು ಜನಕ್ಕೆ ಸಿಂಹಾಸನದ ಮೇಲೆ ಕಣ್ಣು. ಕೊರಿಯಾದ್ದು ಅದರದೇ ರೀಮೇಕ್, 2016ರದು, 20 ಕಂತು. ಗ್ರಹಣದ ಹೊತ್ತಲ್ಲಿ ಮಗುವನ್ನು ಉಳಿಸಲು ಕೆರೆಗಿಳಿದವಳು ಗೊರ್ಯೊ ರಾಜ್ಯ ಕಟ್ಟಿದ ತೇಜೊನ ಕಾಲದಲ್ಲಿ ಹೇ ಸೂ ಆಗಿ ಏಳುತ್ತಾಳೆ. ತೇಜೊಗೆ 29 ಹೆಂಡತಿಯರು, 25 ಗಂಡುಮಕ್ಕಳು.

"ಇಪ್ಪತ್ತೊಂಬತ್ತಾ!"

"ಊರೂರಿನ ಪಾಳೆಯಗಾರರನ್ನು ಒಲಿಸಿಕೊಳ್ಳಬೇಕಿತ್ತು. ಅವರ ಮನೆಯಿಂದ ಹೆಣ್ಣು ತಂದ."

"ಸೈನ್ಯ ಕಳಿಸುವ ಕಡೆಗೆಲ್ಲ ದಿಬ್ಬಣ ಕಳಿಸಿದ ಅನ್ನು."

ಇಬ್ಬರು ನಾಯಕಿಯರೂ ಮೊದಲು ಎಂಟನೆಯ ರಾಜಕುಮಾರನನ್ನು ಪ್ರೀತಿಸುತ್ತಾರೆ, ಆಮೇಲೆ ನಾಲ್ಕನೆಯವನನ್ನು. ಎಂಟರಿಂದ ನಾಲ್ಕಕ್ಕೆ ಬಂದರೆ ಬಡ್ತಿಯೋ ಹಿಂಬಡ್ತಿಯೋ ಎಂದು ರಮೇಶ ಕೇಳಿದ. ಬಡ್ತಿಯೇ. ಎರಡೂ ಕಡೆ ಪಟ್ಟ ಸಿಗುವುದು ನಾಲ್ಕನೆಯವನಿಗೆ: ಅಲ್ಲಿ ಯೋಂಗ್‌ಝೆಂಗ್, ಇಲ್ಲಿ ಗ್ವಾಂಗ್‌ಜೊಂಗ್.

ನನಗೆ ಮಜಾ ಅನ್ನಿಸುವುದು ಇವರಿಬ್ಬರ ಹಿಸ್ಟರಿ ಜ್ಞಾನ. ರುವೊಶಿ ಓದಿಕೊಂಡವಳು. ಯಾರು ಗೆಲ್ಲುತ್ತಾರೆ, ಯಾರು ಹಾಳಾಗುತ್ತಾರೆ, ಎಲ್ಲ ಗೊತ್ತು. ಎಂಟನೆಯವನ ಮೇಲಿನ ಮರುಕಕ್ಕೆ "ನಾಲ್ಕನೆಯವನ ಬಗ್ಗೆ ಹುಷಾರು" ಎಂದು ಕಿವಿಯೂದುತ್ತಾಳೆ. ಅವನು ಹುಷಾರಾಗಿ ಸುಮ್ಮನಿರುತ್ತಾನಾ? ನಾಲ್ಕನೆಯವನಿಗೆ ಬಲೆ ಹಾಕುತ್ತಾನೆ. ತಪ್ಪನ್ನು ತಲೆಗೆ ಹಾಕಿಕೊಂಡ ಪಾಪದ ಹದಿಮೂರನೆಯವನು 10 ವರ್ಷ ಬಂಧನದಲ್ಲಿ ಕೊಳೆಯುತ್ತಾನೆ. ನಾಲ್ಕನೆಯವನ ಎದೆಯಲ್ಲಿ ದ್ವೇಷ ಬೆಳೆಯುತ್ತದೆ. ಹಿಸ್ಟರಿ ಪುಸ್ತಕದಲ್ಲಿ ಇದ್ದದ್ದು ಇವಳು ಬಾಯಿ ಬಿಟ್ಟಿದ್ದರಿಂದಲೇ ಆಯಿತು!

"ನಮ್ಮ ಹೇ ಸೂಗೆ ಆ ಗೋಳಿಲ್ಲ" ಎಂದಳು ಪದ್ಮ. "ಗ್ವಾಂಗ್‌ಜೊಂಗ್ ಎಂಬ ಕ್ರೂರ ರಾಜನಿದ್ದ ಅನ್ನುವಷ್ಟೇ ನೆನಪು. ಅವನು ಯಾರು ಅಂತ ಹೊಳೆಯುವ ಹೊತ್ತಿಗೆ, ಅವನ ಮುಖದ ಗಾಯಕ್ಕೆ ತಾನೇ ಮೇಕಪ್ ಹಚ್ಚಿ ಮಳೆಯ ಪೂಜೆಗೆ ಕಳಿಸಿಯಾಗಿರುತ್ತದೆ. ಗಾಯ ಮುಚ್ಚಿತು, ಪಟ್ಟದ ದಾರಿ ತೆರೆಯಿತು."

ಒಬ್ಬಳು ಬಾಯಿಂದ ಕೆಡಿಸಿದಳು, ಇನ್ನೊಬ್ಬಳು ಕ್ರೀಮಿನಿಂದ.

ರಮೇಶ ಫೋನಿನಿಂದ ತಲೆ ಎತ್ತಿದ. "958ರಲ್ಲಿ ಅಧಿಕಾರಿಗಳ ಆಯ್ಕೆಗೆ ಪರೀಕ್ಷೆ ತಂದವನೇ ಈ ಗ್ವಾಂಗ್‌ಜೊಂಗ್! ಹಿಸ್ಟರಿ ಫೇಲಾದವಳು ಹೋಗಿ ಹೋಗಿ ಪರೀಕ್ಷೆ ತಂದವನಿಗೇ ಮನಸೋತಳಾ?"

"ಫೇಲಾದರೂ ಇವಳೇ ಜಾಸ್ತಿ ದಿನ ನಗುನಗುತ್ತಾ ಇದ್ದಳು" ಎಂದು ಪದ್ಮ ವಾದಿಸಿದಳು. ನನ್ನ ಮತವೂ ಅವಳಿಗೇ.

"ಕೊರಿಯಾದಲ್ಲೇ ಅದು ಓಡಲಿಲ್ಲವಲ್ಲ" ಎಂದು ಸುಧಾ ಚುಚ್ಚಿದಳು. ಅದೂ ನಿಜ. ಸೋಮವಾರ, ಮಂಗಳವಾರ ಅದೇ ಹೊತ್ತಿಗೆ ಬೇರೆ ಚಾನೆಲ್‌ನಲ್ಲಿ 'ಲವ್ ಇನ್ ದ ಮೂನ್‌ಲೈಟ್' ಬರುತ್ತಿತ್ತು. ರೇಟಿಂಗ್ ಅದಕ್ಕೇ ಹೋಯಿತು. ಹೊರದೇಶದ ಅಭಿಮಾನಿಗಳು ಮಾತ್ರ ಇದನ್ನು ಕೈಬಿಡಲಿಲ್ಲ.

ಚೀನಾದ ನಾಲ್ಕನೆಯವನಿಗಂತೂ 2011ರಲ್ಲಿ ಪುರುಸೊತ್ತೇ ಇರಲಿಲ್ಲ. 'ಗೊಂಗ್' ಸೀರಿಯಲ್‌ನಲ್ಲೂ ಒಬ್ಬಳು ಕಾಲ ದಾಟಿ ಅವನಿದ್ದ ಕಾಲಕ್ಕೇ ಬಂದು ಬಿದ್ದಳು. 'ಝೆನ್ ಹುವಾನ್'ನಲ್ಲಿ ಚಕ್ರವರ್ತಿಯಾಗಿ ರಾಣಿಯರ ಜಗಳ ಬಿಡಿಸಬೇಕಿತ್ತು. "ನಾಲ್ಕನೇ ಯಜಮಾನರು ತುಂಬಾ ಬಿಜಿ" ಎಂದು ಅಲ್ಲಿನವರೇ ತಮಾಷೆ ಮಾಡುತ್ತಿದ್ದರು.

ಕೊನೆಯ ಕಾಗದದ ವಿಷಯ ಬಂದಾಗ ಸುಧಾ, ಪದ್ಮ ಇಬ್ಬರ ಕಣ್ಣೂ ತುಂಬಿದವು. ಸಾಯುವ ಮುಂಚೆ ನಾಯಕಿ ರಾಜನಿಗೆ ಕಾಗದ ಬರೆಯುತ್ತಾಳೆ. ಅವಳ ಅಕ್ಷರ ಥೇಟ್ ರಾಜನದೇ. ಯಾರಾದರೂ ನೋಡಿದರೆ ಕಷ್ಟ ಎಂದು ಹದಿನಾಲ್ಕನೆಯ ರಾಜಕುಮಾರ ಅದನ್ನು ಇನ್ನೊಂದು ಲಕೋಟೆಗೆ ಹಾಕಿ ತನ್ನ ಅಕ್ಷರದಲ್ಲಿ ವಿಳಾಸ ಬರೆಯುತ್ತಾನೆ. ಇವನದೇನು ಓದುವುದು ಎಂದು ರಾಜ ಬದಿಗಿಡುತ್ತಾನೆ. ತೆರೆಯುವಾಗ ಅವಳಿಲ್ಲ. ಎರಡೂ ದೇಶದಲ್ಲಿ ಇದೇ ಕತೆ.

"ಐದು ವರ್ಷದ ಮೇಲೂ ಆ ಲಕೋಟೆ ಸರಿಮಾಡಲಿಲ್ಲವಲ್ಲ, ರೀಮೇಕ್ ಮಾಡಿದ್ದೇಕೆ?" ಎಂದ ರಮೇಶ.

ಪದ್ಮ ಅವನ ಕಡೆ ದಿಂಬು ಎಸೆದಳು. "ಎರಡನೆಯ ಸೀಸನ್ ಬರಲಿ, ಆಗ ನೋಡು."

"ಬಂದರೆ ಹುಡುಗಿ ನೇರವಾಗಿ ನಾಲ್ಕನೆಯವನ ಮನೆಗೇ ಬೀಳಲಿ. ಎಂಟನೆಯವನ ಕಂತುಗಳು ಉಳಿಯುತ್ತವೆ" ಎಂದ ರಮೇಶ.